ಮಳೆಗಾಲದಲ್ಲಿ ಹರಿದುಹೋಗುವ ಮಡ್‌ಫ್ಲ್ಯಾಪ್: ಘಟ್ಟದ ಮೇಲಿನವರೂ ಕೆಳಗಿನವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮಡ್‌ಗಾರ್ಡಿನ ತುದಿಯಲ್ಲಿ ನೇತಾಡುವ ಆ ರಬ್ಬರ್ ತುಂಡಿನ ಬಗ್ಗೆ ಬೇಸಿಗೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದು, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ದಾರಿಗಳು ರಾಡಿಯಾದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಒಂದು ಬೈಕು ಮತ್ತು ಒಂದು ಪಿಕಪ್ ಇಟ್ಟುಕೊಂಡು ದೇವಿಮನೆ ಘಟ್ಟವನ್ನು ವಾರಕ್ಕೆರಡು ಸಲ ಇಳಿದು ಹತ್ತುವ ನಾನು, ಗ್ಯಾರೇಜಿನ ಕಟ್ಟೆಯ ಮೇಲೆ ಕುಳಿತು ತಿಳಿದುಕೊಂಡದ್ದನ್ನೂ ಸ್ವಂತ ಕೈ ಸುಟ್ಟುಕೊಂಡು ತಿಳಿದದ್ದನ್ನೂ ಸೇರಿಸಿ ಈ ಉತ್ತರಗಳನ್ನು ಬರೆದಿದ್ದೇನೆ.

ಮಡ್‌ಗಾರ್ಡ್ ಇದ್ದ ಮೇಲೆ ಅದರ ತುದಿಗೆ ಮತ್ತೊಂದು ರಬ್ಬರ್ ಏಕೆ ಬೇಕು?

ವಾಹನ ಮುಂದೆ ಸಾಗುವಾಗ ಚಕ್ರದ ಹಿಂಭಾಗ ಕೆಳಗಿನಿಂದ ಮೇಲಕ್ಕೆ ಏಳುತ್ತಿರುತ್ತದೆ. ಟಾಯರಿಗೆ ಅಂಟಿದ ಕೆಸರಾಗಲಿ, ಅದರ ಗೆರೆಗಳ ನಡುವೆ ಸಿಕ್ಕಿಕೊಂಡ ಹರಳಾಗಲಿ ಅಲ್ಲಿಂದಲೇ ಕಳಚಿ ಹಾರುತ್ತದೆ. ಮೇಲಕ್ಕೆ ಹಾರಿದ್ದನ್ನು ಮಡ್‌ಗಾರ್ಡ್ ತಡೆಯುತ್ತದೆ. ನೆಲಕ್ಕೆ ಹತ್ತಿರವಿರುವಾಗಲೇ ಕಳಚಿ, ತಗ್ಗಿನಲ್ಲಿ ಓರೆಯಾಗಿ ಚಿಮ್ಮುವುದನ್ನು ತಡೆಯಲು ಅದರ ಕೈಗೆ ಆಗುವುದಿಲ್ಲ. ಆ ಕೆಲಸ ಫ್ಲ್ಯಾಪಿನದು. ಮಡ್‌ಗಾರ್ಡನ್ನೇ ಅಷ್ಟು ಕೆಳಗೆ ಇಳಿಸಿದರೆ ಮೊದಲ ಗುಂಡಿಯಲ್ಲಿಯೇ ಮುರಿದೀತು. ಆದ್ದರಿಂದ ಆ ಕೊನೆಯ ಭಾಗವನ್ನು ಬಾಗುವ ವಸ್ತುವಿನಿಂದ ಮಾಡಿರುತ್ತಾರೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮುಂದಿನ ಲಾರಿಯಿಂದ ಹಾರಿದ ಕಲ್ಲು ತಮ್ಮ ಗಾಜಿಗೆ ಗುಂಡಿನಂತೆ ಬಂದು ಬಡಿಯಿತೆಂದು ಹಲವರು ಹೇಳುತ್ತಾರೆ. ವಾಸ್ತವದಲ್ಲಿ ಟಾಯರಿನ ತಳಭಾಗದಿಂದ ಕಳಚಿದ ಕಲ್ಲಿಗೆ ರಸ್ತೆಯ ಲೆಕ್ಕದಲ್ಲಿ ಹಿಂದಕ್ಕೆ ಓಡುವ ವೇಗವೇ ಇರುವುದಿಲ್ಲ. ಅದು ಮೇಲೆದ್ದು ಗಾಳಿಯಲ್ಲಿರುವಷ್ಟು ಹೊತ್ತಿನಲ್ಲಿ ಹಿಂದಿನ ವಾಹನವೇ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಫ್ಲ್ಯಾಪ್ ಮಾಡುವ ಉಪಕಾರವೆಂದರೆ ಆ ಕಲ್ಲನ್ನು ಮೇಲೇಳಲು ಬಿಡದೆ ಅಲ್ಲಿಯೇ ನೆಲಕ್ಕೆ ಬೀಳಿಸುವುದು.

ಫ್ಲ್ಯಾಪ್ ಇಲ್ಲದೆ ಒಂದು ಮಳೆಗಾಲ ಓಡಿಸಿದರೆ ನನ್ನ ವಾಹನಕ್ಕೆ ಏನಾದರೂ ಆಗುತ್ತದೆಯೇ?

ಆಗುತ್ತದೆ, ಆದರೆ ಒಂದೇ ದಿನದಲ್ಲಿ ಅಲ್ಲ. ಬೈಕಿನ ಮುಂದಿನ ಫ್ಲ್ಯಾಪ್ ಹೋದರೆ ನೀರು ಮತ್ತು ಕೆಸರು ನೇರವಾಗಿ ಎಂಜಿನ್ನಿನ ಎದೆಗೆ ಹೊಡೆಯುತ್ತವೆ. ಎಂಜಿನ್ನಿನ ತಂಪು ಗೆರೆಗಳ ನಡುವೆ ಕೆಂಪು ಮಣ್ಣು ಕೂತು ಒಣಗಿ ಇಟ್ಟಿಗೆಯಂತಾಗುತ್ತದೆ, ಹಾರ್ನ್ ಕಂಠ ಕಳೆದುಕೊಳ್ಳುತ್ತದೆ, ಸ್ಪಾರ್ಕ್ ಪ್ಲಗ್ಗಿನ ಟೋಪಿಯೊಳಗೆ ತೇವ ಸೇರಿ ಘಟ್ಟದ ಏರಿನಲ್ಲಿ ಎಂಜಿನ್ ಮಿಸ್ ಹೊಡೆಯುತ್ತದೆ. ಚೈನಿನ ಗತಿ ಇನ್ನೂ ಕಷ್ಟದ್ದು. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಶದ ಗಟ್ಟಿ ಹರಳುಗಳಿರುತ್ತವೆ. ಅವು ಚೈನಿನ ಎಣ್ಣೆಯಲ್ಲಿ ಕಲಸಿಕೊಂಡರೆ ಅರೆಯುವ ಕಲ್ಲಿನ ಕೆಲಸ ಮಾಡುತ್ತವೆ.

ಹಿಂದಿನ ಫ್ಲ್ಯಾಪ್ ಹೋದರೆ ನಂಬರ್ ಪ್ಲೇಟೂ ಹಿಂದಿನ ದೀಪವೂ ಕೆಸರಿನಲ್ಲಿ ಮುಚ್ಚಿಹೋಗುತ್ತವೆ. ಸಂಜೆ ಐದಕ್ಕೇ ಮಬ್ಬಾಗುವ ಆಷಾಢದ ದಿನಗಳಲ್ಲಿ, ಮಂಜು ಕವಿದ ತಿರುವಿನಲ್ಲಿ, ಹಿಂದಿನ ದೀಪ ಕಾಣದ ಬೈಕು ಎಷ್ಟು ಅಪಾಯವೆಂಬುದನ್ನು ಘಟ್ಟದಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಹಿಂದೆ ಕುಳಿತವರ ಬೆನ್ನಿನ ಮೇಲೆ ಮೂಡುವ ಕೆಂಪು ಗೆರೆಯ ವಿಷಯ ಬೇರೆಯೇ. ಮದುವೆಮನೆಗೆ ಹೊರಟ ದಿನವೇ ಅದು ಮೂಡುತ್ತದೆ.

ಹೆಚ್ಚಾಗಿ ಎಲ್ಲಿ ಹರಿಯುತ್ತದೆ, ಏಕೆ ಹರಿಯುತ್ತದೆ?

ಮಧ್ಯದಲ್ಲಿ ಹರಿಯುವುದು ಕಡಿಮೆ. ಬಹುಪಾಲು ಬೋಲ್ಟಿನ ತೂತಿನಲ್ಲಿಯೇ ಹರಿಯುತ್ತದೆ. ಹಳೆಯ ಫ್ಲ್ಯಾಪೊಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಕಾರಣ ಕಣ್ಣಿಗೇ ಕಾಣಿಸುತ್ತದೆ. ತೂತಿನ ಸುತ್ತ ವಾಶರ್ ಒತ್ತಿದ ಗುಂಡನೆಯ ಗುರುತು ಇರುತ್ತದೆ. ಅದರ ಮೇಲೆ ತುಕ್ಕಿನ ಕಂದು ಬಳೆ. ಆ ಬಳೆಯ ಅಂಚಿನಿಂದ ನಕ್ಷತ್ರದ ಹಾಗೆ ಹೊರಟ ಕೂದಲೆಳೆಯಂಥ ಬಿರುಕುಗಳು. ಅವುಗಳಲ್ಲಿ ಒಂದು ಕೆಳಗಿನ ಅಂಚಿನ ಕಡೆಗೆ ಬೆಳೆದಿರುತ್ತದೆ. ಇಡೀ ಫ್ಲ್ಯಾಪಿನ ಭಾರ, ಅದಕ್ಕೆ ಅಂಟಿದ ಕೆಸರಿನ ಭಾರ ಮತ್ತು ಗುಂಡಿಯ ಹೊಡೆತ ಇವೆಲ್ಲವೂ ಹತ್ತು ಪೈಸೆ ನಾಣ್ಯದಷ್ಟು ಅಗಲದ ಜಾಗದ ಮೇಲೆ ಬೀಳುವುದರಿಂದ ಹೀಗಾಗುತ್ತದೆ.

ಎರಡನೆಯ ಕಾರಣ ರಿವರ್ಸ್. ತೋಟದ ದಾರಿಯಲ್ಲಿ ಪಿಕಪ್ ತಿರುಗಿಸಲು ಜಾಗವಿರುವುದಿಲ್ಲ. ದಣಪೆಯ (ಬೇಲಿಯ ಬಾಗಿಲಿನ) ವರೆಗೂ ಹಿಂದಕ್ಕೆ ಬರಬೇಕಾಗುತ್ತದೆ. ಹಿಂದೆ ಧರೆಯೋ (ಕಡಿದಾದ ಮಣ್ಣಿನ ದಿಬ್ಬವೋ) ಗೊಬ್ಬರದ ಗುಪ್ಪೆಯೋ ಇದ್ದರೆ ಫ್ಲ್ಯಾಪ್ ಅದಕ್ಕೆ ತಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ, ಟಾಯರ್ ಅದರ ತುದಿಯನ್ನು ತುಳಿಯುತ್ತದೆ, ಮುಂದಿನ ಕ್ಷಣದಲ್ಲಿ ಚಕ್ರ ಅದನ್ನು ಬುಡಸಮೇತ ಎಳೆದುಕೊಳ್ಳುತ್ತದೆ.

ಮೂರನೆಯದು ವಯಸ್ಸು. ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್ ಸೇರಿ ರಬ್ಬರನ್ನು ಒಣಗಿಸುತ್ತವೆ. ಬಾಗುವ ಜಾಗದಲ್ಲಿ ಅಡ್ಡಡ್ಡ ಸೀಳುಗಳು ಕಾಣಿಸಿಕೊಳ್ಳುತ್ತವೆ. ಅಂಥದ್ದನ್ನು ದುರಸ್ತಿ ಮಾಡುವುದು ವ್ಯರ್ಥ.

ಹರಿದದ್ದನ್ನು ಸರಿಪಡಿಸಬಹುದೇ, ಹೊಸದನ್ನೇ ಹಾಕಬೇಕೇ?

ಮೊದಲು ಅದು ರಬ್ಬರೋ ಪ್ಲಾಸ್ಟಿಕ್ಕೋ ಎಂದು ನೋಡಬೇಕು. ಮಡಚಿ ಬಿಟ್ಟಾಗ ಸದ್ದಿಲ್ಲದೆ ಮೊದಲಿನಂತಾದರೆ ರಬ್ಬರ್. ಮಡಚಿದಲ್ಲಿ ಬಿಳಿಯ ಗೆರೆ ಉಳಿದರೆ ಪ್ಲಾಸ್ಟಿಕ್.

ರಬ್ಬರಿನಲ್ಲಿ ಸೀಳು ಅರ್ಧದಷ್ಟು ಮಾತ್ರ ಬಂದಿದ್ದರೆ, ಸೀಳು ನಿಂತ ತುದಿಯಲ್ಲಿ ನಾಲ್ಕೈದು ಮಿಲಿಮೀಟರಿನ ಒಂದು ಗುಂಡು ತೂತು ಹೊಡೆಯಬೇಕು. ಚೂಪಾದ ತುದಿಯಲ್ಲಿ ಸೇರುತ್ತಿದ್ದ ಎಳೆತ ಗುಂಡನೆಯ ಅಂಚಿನಲ್ಲಿ ಹಂಚಿಹೋಗುವುದರಿಂದ ಸೀಳು ಅಲ್ಲಿಯೇ ನಿಲ್ಲುತ್ತದೆ. ಅನಂತರ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆಯ ಟ್ಯೂಬಿನ ತುಂಡನ್ನು, ಎರಡೂ ಮೈಗಳನ್ನು ಚೆನ್ನಾಗಿ ಉಜ್ಜಿ, ಸೊಲ್ಯೂಶನ್ ಹಚ್ಚಿ, ಅದು ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ ಕೂಡಿಸಬೇಕು. ಒಣಗುವ ಮೊದಲೇ ಅಂಟಿಸುವ ಅವಸರದಿಂದಲೇ ಅರ್ಧಕ್ಕರ್ಧ ಪ್ಯಾಚುಗಳು ಕಿತ್ತುಬರುತ್ತವೆ. ಅಂಟಿಸಿದ ಮೇಲೆ ಚಪ್ಪಲಿ ಹೊಲಿಯುವವರ ಬಳಿ ದಪ್ಪ ನೈಲಾನ್ ದಾರದಿಂದ ಸುತ್ತಲೂ ಹೊಲಿಗೆ ಹಾಕಿಸಿದರೆ ಆ ಮಳೆಗಾಲವನ್ನು ದಾಟಿಸಬಹುದು.

ಪ್ಲಾಸ್ಟಿಕ್ಕಿಗೆ ಈ ಯಾವುದೂ ನಡೆಯುವುದಿಲ್ಲ. ಮಡ್‌ಗಾರ್ಡಿಗೆ ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ. ಸೀಳಿನ ಎರಡೂ ಬದಿಗೆ ಸಣ್ಣ ತೂತುಗಳನ್ನು ಕೊರೆದು ಪ್ಲಾಸ್ಟಿಕ್ ಟ್ಯಾಗಿನಿಂದ ಹೊಲಿದಂತೆ ಬಿಗಿಯುವುದು, ಇಲ್ಲವೇ ಬಿಸಿ ಸಾಲ್ಡರಿಂಗ್ ಕಡ್ಡಿಯಿಂದ ಎರಡೂ ಅಂಚುಗಳನ್ನು ಕರಗಿಸಿ ಬೆಸೆಯುವುದು, ಇವೆರಡೇ ದಾರಿ. ಬೆಸೆಯುವಾಗ ಹೊಗೆ ಬರುತ್ತದೆಯಾದ್ದರಿಂದ ಆ ಕೆಲಸವನ್ನು ಅಂಗಳದಲ್ಲಿ ಮಾಡಿಕೊಳ್ಳುವುದು ಒಳ್ಳೆಯದು.

ತೂತಿನಿಂದ ಅಂಚಿನ ವರೆಗೂ ಪೂರ್ತಿ ಹರಿದುಬಂದಿದ್ದರೆ, ಫ್ಲ್ಯಾಪ್ ಉದ್ದವಾಗಿದ್ದ ಪಕ್ಷದಲ್ಲಿ, ಎರಡು ಬೆರಳು ಕೆಳಗೆ ಹೊಸ ತೂತು ಹೊಡೆದು ಮೇಲೆತ್ತಿ ಕೂರಿಸುವುದೂ ಒಂದು ಉಪಾಯ. ಉದ್ದ ಸಾಲದಿದ್ದರೆ ಹೊಸದನ್ನು ತರಬೇಕು.

ಹೊಸದನ್ನು ಜೋಡಿಸುವಾಗ ಗಮನಿಸಬೇಕಾದದ್ದೇನು?

ಎಲ್ಲವೂ ಹಿಡಿಕೆಯ ಮೇಲೆಯೇ ನಿಂತಿದೆ. ಎರಡು ಬೋಲ್ಟುಗಳಿಗೆ ಎರಡು ಚಿಕ್ಕ ವಾಶರ್ ಹಾಕಿ ಬಿಗಿಯುವ ಬದಲು, ಫ್ಲ್ಯಾಪಿನ ಇಡೀ ಅಗಲಕ್ಕೆ ಒಂದು ಕಬ್ಬಿಣದ ಪಟ್ಟಿಯನ್ನು ಅಡ್ಡಲಾಗಿ ಇಟ್ಟು, ರಬ್ಬರ್ ಆ ಪಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿಕೊಳ್ಳುವಂತೆ ಬಿಗಿಯಬೇಕು. ಪಿಕಪ್ಪಿಗೆ ಒಂದು ಇಂಚು ಅಗಲದ, ಮೂರು ಮಿಲಿಮೀಟರ್ ದಪ್ಪದ ಪಟ್ಟಿ ಸಾಕಾಗುತ್ತದೆ. ವೆಲ್ಡಿಂಗ್ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ತುಂಡುಗಳಲ್ಲಿಯೇ ಅದು ಸಿಗುತ್ತದೆ. ಪಟ್ಟಿಯ ಚೂಪು ಅಂಚುಗಳನ್ನು ಅರದಿಂದ ಉಜ್ಜಿ ನಯ ಮಾಡದಿದ್ದರೆ ಅವೇ ರಬ್ಬರನ್ನು ಕೊಯ್ಯುತ್ತವೆ.

ತೂತನ್ನು ಚಾಕುವಿನಿಂದ ಕೊರೆಯಬಾರದು, ಕಾಯಿಸಿದ ಮೊಳೆಯಿಂದ ಚುಚ್ಚಬಾರದು. ಚಾಕುವಿನ ತೂತಿಗೆ ಮೂಲೆಗಳಿರುತ್ತವೆ, ಮೊಳೆಯ ತೂತಿನ ಅಂಚು ಸುಟ್ಟು ಪೆಡಸಾಗಿರುತ್ತದೆ. ಎರಡೂ ಹೊಸ ಸೀಳಿಗೆ ಬೀಜ ಹಾಕಿದಂತೆ. ಬೆಲ್ಟಿಗೆ ತೂತು ಹೊಡೆಯುವ ಟೊಳ್ಳು ಪಂಚ್ ಬಳಸಿದರೆ ದುಂಡನೆಯ ಶುದ್ಧ ತೂತು ಬೀಳುತ್ತದೆ. ತೂತು ಅಂಚಿಗೆ ಹತ್ತಿರವಿರಬಾರದು. ತನ್ನ ಅಗಲದ ಎರಡು ಪಟ್ಟಾದರೂ ರಬ್ಬರ್ ಹೊರಗೆ ಉಳಿದಿರಬೇಕು.

ನಟ್ಟನ್ನು ರಬ್ಬರ್ ಉಬ್ಬಿ ಹೊರಬರುವಷ್ಟು ಬಿಗಿಯುವುದು ನಮ್ಮವರ ಒಂದು ಚಟ. ಹಿಂಡಿದ ರಬ್ಬರ್ ಕೆಲವು ದಿನಗಳಲ್ಲಿ ಕುಗ್ಗಿ ನಟ್ಟು ಸಡಿಲವಾಗುತ್ತದೆ. ಒಳಗೆ ನೈಲಾನ್ ಬಳೆ ಇರುವ ನಟ್ಟನ್ನು ಹಾಕಿ ಹದವಾಗಿ ಬಿಗಿದು, ವಾರದ ಮೇಲೆ ಪಾನಾ ಹಿಡಿದು ಇನ್ನೊಮ್ಮೆ ನೋಡಿಕೊಂಡರೆ ಸಾಕು.

ಉದ್ದ ಎಷ್ಟಿರಬೇಕು?

ಬೈಕಿಗೆ ನೆಲದಿಂದ ಸುಮಾರು ಒಂದು ಗೇಣು ಎತ್ತರದಲ್ಲಿ ತುದಿ ನಿಂತರೆ ಸರಿ. ಪಿಕಪ್ಪಿನಲ್ಲಿ ಅಳತೆಯನ್ನು ಖಾಲಿ ಗಾಡಿಯಲ್ಲಿ ತೆಗೆದುಕೊಳ್ಳಬಾರದು. ಅಡಿಕೆ ಚೀಲಗಳನ್ನೋ ಚಿರೇಕಲ್ಲನ್ನೋ ಹೇರಿದಾಗ ಹಿಂಭಾಗ ಎಷ್ಟು ಕೂರುತ್ತದೆ ಎಂಬುದನ್ನು ನೋಡಿ, ಆಗಲೂ ಫ್ಲ್ಯಾಪ್ ನೆಲಕ್ಕೆ ಉಜ್ಜದ ಹಾಗೆ ಕತ್ತರಿಸಬೇಕು. ಟಾಯರಿಗೂ ಫ್ಲ್ಯಾಪಿಗೂ ನಡುವೆ ನಾಲ್ಕು ಬೆರಳಿಗಿಂತ ಕಡಿಮೆ ಅಂತರವಿದ್ದರೆ ರಿವರ್ಸಿನಲ್ಲಿ ಅದನ್ನು ಟಾಯರ್ ಕಚ್ಚುವುದು ಖಂಡಿತ.

ಗಟ್ಟಿಮುಟ್ಟಾದ ಕನ್ವೇಯರ್ ಬೆಲ್ಟಿನ ತುಂಡು ಹಾಕಿದರೆ ಜನ್ಮಕ್ಕೂ ಹರಿಯುವುದಿಲ್ಲವಲ್ಲ?

ಈ ಮಾತನ್ನು ನಂಬಿ ನಾನೇ ಒಮ್ಮೆ ಹಾಕಿಸಿದ್ದೆ. ಒಳಗೆ ಬಟ್ಟೆಯ ಪದರಗಳಿದ್ದ, ಕೈಯಿಂದ ಮಡಚಲು ಬಾರದ ಹತ್ತು ಮಿಲಿಮೀಟರ್ ದಪ್ಪದ ತುಂಡು ಅದು. ಮೂರು ದೊಡ್ಡ ಬೋಲ್ಟುಗಳಿಂದ ಬಿಗಿಸಿದ್ದೆ. ಆ ವರ್ಷ ಸೊಪ್ಪಿನ ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ತುಂಬಿಕೊಂಡು ಹಿಂದಕ್ಕೆ ಬರುವಾಗ ಟಾಯರ್ ಅದರ ತುದಿಯನ್ನು ತುಳಿಯಿತು. ಫ್ಲ್ಯಾಪ್ ನಿಜಕ್ಕೂ ಹರಿಯಲಿಲ್ಲ. ಅದರ ಬದಲು ಮಡ್‌ಗಾರ್ಡಿನ ತಗಡೇ ಮೂರು ಬೋಲ್ಟುಗಳೊಂದಿಗೆ ಹಪ್ಪಳದಂತೆ ಮುರುಟಿಕೊಂಡು ಕಿತ್ತುಬಂತು. ತಗಡು ಬಡಿಸಿ, ವೆಲ್ಡಿಂಗ್ ಮಾಡಿಸಿ, ಬಣ್ಣ ಹಚ್ಚಿಸಿದ ಖರ್ಚಿನಲ್ಲಿ ಮಾಮೂಲಿ ಫ್ಲ್ಯಾಪುಗಳನ್ನು ಹತ್ತು ವರ್ಷ ಬದಲಾಯಿಸಬಹುದಿತ್ತು. ಅಂದಿನಿಂದ ನಾನು ಫ್ಲ್ಯಾಪನ್ನು ಹರಿಯಬೇಕಾದಾಗ ಹರಿಯಲೆಂದೇ ಇರುವ ಭಾಗವೆಂದು ಲೆಕ್ಕ ಹಾಕುತ್ತೇನೆ. ಪಿಕಪ್ಪಿಗೆ ಐದಾರು ಮಿಲಿಮೀಟರ್, ಬೈಕಿಗೆ ಮೂರು ಮಿಲಿಮೀಟರ್ ದಪ್ಪವಿದ್ದು, ಕೈಯಿಂದ ಸುಲಭವಾಗಿ ಬಾಗುವಂತಿದ್ದರೆ ಸಾಕು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಲಾರಿ ಟ್ಯೂಬನ್ನು ಕತ್ತರಿಸಿ ಕಟ್ಟಿದರೆ ಅದು ವೇಗದಲ್ಲಿ ಗಾಳಿಗೆ ಹಿಂದಕ್ಕೆ ಹಾರಿ, ಬಾವುಟದಂತೆ ಪಟಪಟಿಸಿ, ಕೆಸರು ತಡೆಯುವ ಹೊತ್ತಿನಲ್ಲಿ ತನ್ನ ಜಾಗದಲ್ಲಿಯೇ ಇರುವುದಿಲ್ಲ.

ಘಟ್ಟದ ನಡುವೆ ಫ್ಲ್ಯಾಪ್ ಅರ್ಧ ಕಿತ್ತು ನೇತಾಡತೊಡಗಿದರೆ ಏನು ಮಾಡಬೇಕು?

ದೇವಿಮನೆಯಲ್ಲಾಗಲಿ, ಅರಬೈಲಿನಲ್ಲಾಗಲಿ, ಅಣಶಿಯಲ್ಲಾಗಲಿ ತಿರುವಿನಲ್ಲಿ ನಿಲ್ಲಿಸಬಾರದು. ಧರೆ ಕುಸಿಯುವ ಲಕ್ಷಣವಿರುವ ಕಡೆಯಲ್ಲೂ ನಿಲ್ಲಿಸಬಾರದು. ನಿಧಾನವಾಗಿ ಸಾಗಿ, ಹಿಂದಿನವರಿಗೆ ದೂರದಿಂದ ಕಾಣುವ ಅಗಲವಾದ ಜಾಗದಲ್ಲಿ ನಿಂತು, ಮಿಣುಕು ದೀಪಗಳನ್ನು ಹಾಕಿ ಇಳಿಯಬೇಕು. ಕೈಯಿಂದ ಜಗ್ಗಿ ಕಿತ್ತರೆ ಉಳಿದ ಬೋಲ್ಟು ತಗಡನ್ನೂ ಎಳೆಯುತ್ತದೆ. ಗಾಡಿಯಲ್ಲಿ ಒಂದು ಮಾರು ತಂತಿ ಇಟ್ಟುಕೊಂಡಿದ್ದರೆ ಫ್ಲ್ಯಾಪನ್ನು ಮೇಲಕ್ಕೆ ಮಡಚಿ, ಗಂಟು ಟಾಯರಿಗೂ ಸೈಲೆನ್ಸರಿಗೂ ದೂರವಿರುವಂತೆ ಕಟ್ಟಬೇಕು. ಇಲ್ಲದಿದ್ದರೆ ಚಾಕುವಿನಿಂದ ಕೊಯ್ದು ಒಳಗಿಡಬೇಕು. ಹೊರಡುವ ಮುನ್ನ ಕಿತ್ತುಬಂದ ಬೋಲ್ಟು ಟಾಯರಿಗೆ ಚುಚ್ಚಿಕೊಂಡಿಲ್ಲವೆಂದು ಕೈಯಾಡಿಸಿ ಖಚಿತಪಡಿಸಿಕೊಳ್ಳಬೇಕು. ಮುಂದಿನ ಪ್ರಯಾಣದಲ್ಲಿ ವೇಗ ಕಡಿಮೆ ಇಟ್ಟರೆ ಹಿಂದಿನವರ ಗಾಜೂ ಉಳಿಯುತ್ತದೆ.

ಬೈಕಿನ ಮುಂದಿನ ಚಕ್ರ ಕೆಸರಿನಲ್ಲಿ ತಿರುಗದೆ ನಿಂತುಬಿಡುತ್ತದೆ. ಅದಕ್ಕೂ ಫ್ಲ್ಯಾಪೇ ಕಾರಣವೇ?

ಒಂದು ಮಟ್ಟಿಗೆ ಹೌದು. ಜಿಗುಟು ಮಣ್ಣಿಗೆ ಅಡಿಕೆಯ ಸೋಗೆಯ ಎಳೆಗಳೂ ದರಕೂ ಸೇರಿದಾಗ ಅದು ಟಾಯರ್ ಮತ್ತು ಮಡ್‌ಗಾರ್ಡಿನ ನಡುವೆ ಗಾರೆಯಂತೆ ಜಡಿದುಕೊಳ್ಳುತ್ತದೆ. ಫ್ಲ್ಯಾಪ್ ಒಳಕ್ಕೆ ಮಡಚಿಕೊಂಡಿದ್ದರೆ ಅದು ಹೊರಬೀಳುವ ದಾರಿಯೂ ಮುಚ್ಚುತ್ತದೆ. ಎಕ್ಸಲೇಟರ್ ಕೊಟ್ಟು ನೂಕುವುದು ಅಪಾಯ. ಎಂಜಿನ್ ಆರಿಸಿ, ಗಾಡಿಯನ್ನು ಹಿಂದಕ್ಕೆ ಒಂದೆರಡು ಅಡಿ ಉರುಳಿಸಿ, ಕೋಲಿನಿಂದ ಕೆರೆದು ತೆಗೆಯಬೇಕು. ಮನೆಗೆ ಬಂದ ಮೇಲೆ ಒಣಗಲು ಬಿಡದೆ ನೀರು ಹಾಕಬೇಕು. ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ತೊಳೆಯುವ ಅಭ್ಯಾಸವಿರುವವರು ಫ್ಲ್ಯಾಪಿನ ಹತ್ತಿರ ಅದನ್ನು ಬಿಡಬೇಕು, ಏಕೆಂದರೆ ಎಣ್ಣೆ ಹೀರಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ನಮ್ಮದು ಕಾರವಾರ. ಇಲ್ಲಿ ರಬ್ಬರ್ ಚೆನ್ನಾಗಿದ್ದರೂ ಬೋಲ್ಟು ಉಳಿಯುವುದಿಲ್ಲವಲ್ಲ?

ಘಟ್ಟದ ಕೆಳಗಿನ ಶತ್ರು ಉಪ್ಪು. ಮಾಜಾಳಿಯಿಂದ ಭಟ್ಕಳದ ವರೆಗೆ 66ನೇ ರಾಷ್ಟ್ರೀಯ ಹೆದ್ದಾರಿ ಹಲವು ಕಡೆ ಸಮುದ್ರದ ಪಕ್ಕದಲ್ಲಿಯೇ ಸಾಗುತ್ತದೆ. ಉಪ್ಪುಗಾಳಿಯ ಜೊತೆಗೆ ಮೀನಿನ ಗಾಡಿಗಳಿಂದ ಸುರಿಯುವ ಉಪ್ಪುನೀರೂ ಚಕ್ರದ ಮೂಲಕ ಫ್ಲ್ಯಾಪಿನ ಬೋಲ್ಟಿಗೆ ತಲುಪುತ್ತದೆ. ಸಾಮಾನ್ಯ ಕಬ್ಬಿಣದ ಬೋಲ್ಟು ಎರಡು ಮಳೆಗಾಲದಲ್ಲಿ ನಟ್ಟಿನೊಡನೆ ಒಂದೇ ಗಡ್ಡೆಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟನ್ನು ಗ್ರೀಸ್ ಹಚ್ಚಿ ಹಾಕುವುದು ಮೇಲು. ಅಲ್ಯೂಮಿನಿಯಂ ರಿವಿಟ್ಟುಗಳನ್ನು ಮಾತ್ರ ಇಲ್ಲಿ ನಂಬಬಾರದು. ಕಬ್ಬಿಣದ ತಗಡಿಗೆ ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದ ಅಲ್ಯೂಮಿನಿಯಂ ತಾನೇ ಮೊದಲು ಸವೆದು ಬಿಳಿ ಹುಡಿಯಾಗುತ್ತದೆ. ವಾರಕ್ಕೊಮ್ಮೆ ಬಾವಿಯ ಸಿಹಿನೀರಿನಿಂದ ಒಳಮಗ್ಗುಲನ್ನು ತೊಳೆದರೆ ಬಹಳಷ್ಟು ಉಳಿತಾಯವಾಗುತ್ತದೆ.

ವಿಮೆಯಲ್ಲಿ ಇದಕ್ಕೆ ಹಣ ಬರುತ್ತದೆಯೇ?

ಬರಿಯ ಫ್ಲ್ಯಾಪಿಗಾಗಿ ಕ್ಲೇಮ್ ಮಾಡುವುದು ಜಾಣತನವಲ್ಲ. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ 50 ಶೇಕಡಾ ಸವಕಳಿ ಕಳೆಯುತ್ತಾರೆ, ಕಡ್ಡಾಯವಾಗಿ ನಾವೇ ಭರಿಸಬೇಕಾದ ಮೊತ್ತ ಬೇರೆ, ಜೊತೆಗೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯೂ ಹೋಗುತ್ತದೆ. ಪಿಕಪ್, ಲಾರಿಗಳಂಥ ವಾಣಿಜ್ಯ ವಾಹನ ಇಟ್ಟುಕೊಂಡವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಅವುಗಳ ಪಾಲಿಸಿಯಲ್ಲಿ ಮಡ್‌ಗಾರ್ಡ್, ಬಂಪರ್, ದೀಪ, ಟಾಯರುಗಳ ಹಾನಿಗೆ ಪರಿಹಾರ ಬೇಕಿದ್ದರೆ ಐಎಂಟಿ 23 ಎಂಬ ಹೆಚ್ಚುವರಿ ಷರತ್ತನ್ನು ಪ್ರೀಮಿಯಂ ಕೊಟ್ಟು ಸೇರಿಸಿಕೊಂಡಿರಬೇಕು. ಫ್ಲ್ಯಾಪಿನ ಜೊತೆಗೆ ಮಡ್‌ಗಾರ್ಡೂ ಹೋದಾಗ ಈ ಸಾಲು ಪಾಲಿಸಿಯಲ್ಲಿದೆಯೇ ಎಂದು ಹುಡುಕುವ ಬದಲು, ನವೀಕರಿಸುವಾಗಲೇ ನೋಡಿಕೊಳ್ಳುವುದು ಉತ್ತಮ.

ಹಿಂದೆ ಸೀರೆ ಉಟ್ಟವರು ಕೂರುತ್ತಾರೆ. ದೊಡ್ಡ ಫ್ಲ್ಯಾಪ್ ಇದ್ದರೆ ಸೀರೆ ಗಾರ್ಡ್ ತೆಗೆಯಬಹುದೇ?

ತೆಗೆಯಬಾರದು. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ ಬೈಕಿಗೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಫ್ಲ್ಯಾಪ್ ಹಿಂದೆ ನೇತಾಡುತ್ತದೆ, ಸೆರಗು ಪಕ್ಕದಿಂದ ಸಿಗುತ್ತದೆ.

ಹಿಮದ ಮೇಲೆ ಓಡುವ ಸ್ನೋಮೊಬೈಲಿಗೂ ಇಂಥದ್ದೇ ಫ್ಲ್ಯಾಪ್ ಇರುತ್ತದಂತೆ. ಅದು ಹರಿದರೂ ಇದೇ ಉಪಾಯವೇ?

ಕೆನಡಾದಲ್ಲಿ ಕೆಲಸಕ್ಕಿರುವ ನಮ್ಮೂರಿನ ಹುಡುಗನೊಬ್ಬ ದೂರವಾಣಿಯಲ್ಲಿ ಕೇಳಿದ ಪ್ರಶ್ನೆ ಇದು. ಗುಲ್ಮಾರ್ಗಿಗೆ ಪ್ರವಾಸ ಹೋಗಿ ಅದರ ಮೇಲೆ ಕುಳಿತು ಬಂದವರೂ ಕೇಳಿದ್ದಾರೆ. ಹೆಸರು ಒಂದೇ ರೀತಿಯದ್ದಾದರೂ ಅದರ ಕೆಲಸ ಸ್ವಲ್ಪ ಬೇರೆ. ಸ್ನೋಮೊಬೈಲಿಗೆ ಹಿಂಚಕ್ರದ ಬದಲು ಸುತ್ತುವ ಅಗಲವಾದ ರಬ್ಬರ್ ಪಟ್ಟಾ ಇರುತ್ತದೆ. ಅದು ಅಲ್ಯೂಮಿನಿಯಂ ಸುರಂಗದಂಥ ಕವಚದ ಕೆಳಗೆ ಓಡುತ್ತದೆ. ನೀರಿನಿಂದ ತಂಪಾಗುವ ಎಂಜಿನ್ನಿನ ಯಂತ್ರಗಳಲ್ಲಿ, ಶಾಖವನ್ನು ಹೊರಬಿಡುವ ಪೆಟ್ಟಿಗೆಗಳು ಈ ಕವಚದ ಒಳಮೈಗೆ ಅಂಟಿಕೊಂಡಿರುತ್ತವೆ. ಪಟ್ಟಾ ಎರಚಿದ ಹಿಮವನ್ನು ಹಿಂದಿನ ಫ್ಲ್ಯಾಪ್ ತಡೆದು ಆ ಪೆಟ್ಟಿಗೆಗಳ ಕಡೆಗೆ ತಿರುಗಿಸುತ್ತದೆ. ಹಿಂದೆ ಬರುವವರಿಗೆ ಹಿಮಗಡ್ಡೆ ತಾಗದಂತೆ ನೋಡಿಕೊಳ್ಳುವುದು ಅದರ ಎರಡನೆಯ ಕೆಲಸ. ಆದುದರಿಂದ ನಮ್ಮ ಬೈಕಿನ ಫ್ಲ್ಯಾಪ್ ಹೋದರೆ ಬಟ್ಟೆ ಕೊಳೆಯಾಗುತ್ತದೆ, ಅದರ ಫ್ಲ್ಯಾಪ್ ಹೋದರೆ ಗಟ್ಟಿ ಹಿಮದ ದಾರಿಯಲ್ಲಿ ಎಂಜಿನ್ನೇ ಕಾಯಬಹುದು. ಗಾಳಿಯಿಂದ ತಂಪಾಗುವ ಯಂತ್ರಗಳಿಗೆ ಈ ಭಯವಿಲ್ಲ.

ಹರಿಯುವ ಬಗೆ ಮಾತ್ರ ನಮ್ಮ ತೋಟದ ದಾರಿಯದ್ದೇ. ಆಳವಾದ ಹಿಮದಲ್ಲಿ ಹಿಂದಕ್ಕೆ ತೆಗೆಯುವಾಗ ಫ್ಲ್ಯಾಪ್ ಮಡಚಿಕೊಂಡು ಪಟ್ಟಾದ ಅಡಿಗೆ ಸೇರುತ್ತದೆ, ಪಟ್ಟಾ ಅದನ್ನು ರಿವಿಟ್ಟಿನಿಂದ ಕಿತ್ತುಕೊಳ್ಳುತ್ತದೆ, ಕೆಲವೊಮ್ಮೆ ಕವಚದ ಹಿಂತುದಿಯೂ ಬಾಗುತ್ತದೆ. ರಿವರ್ಸ್ ಹಾಕುವ ಮೊದಲು ಇಳಿದು, ಫ್ಲ್ಯಾಪನ್ನು ಕೈಯಿಂದ ಎತ್ತಿ ಹಿಡಿಯುವುದು ಅಥವಾ ಕಟ್ಟುವುದು ಅಲ್ಲಿನ ರೂಢಿ. ಕಿತ್ತುಬಂದರೆ ಹಳೆಯ ರಿವಿಟ್ಟುಗಳನ್ನು ಡ್ರಿಲ್ ಮಾಡಿ ತೆಗೆದು, ಬಾಗಿದ ಅಂಚನ್ನು ಮರದ ಸುತ್ತಿಗೆಯಿಂದ ನೇರ ಮಾಡಿ, ಇಡೀ ಅಗಲಕ್ಕೆ ಪಟ್ಟಿ ಕೊಟ್ಟು ಹೊಸ ರಿವಿಟ್ ಹೊಡೆಯಬೇಕು. ಆ ಹುಡುಗನಿಗೆ ಕನ್ವೇಯರ್ ಬೆಲ್ಟಿನ ಕಥೆಯನ್ನೂ ಹೇಳಿದ್ದೇನೆ.

ಬಿಚ್ಚಿದ ಹಳೆಯ ಫ್ಲ್ಯಾಪನ್ನು ಎಸೆಯಬಹುದೇ?

ಹೊಸದನ್ನು ಕತ್ತರಿಸಿ ತೂತು ಹೊಡೆಯುವ ವರೆಗೆ ಎಸೆಯಬಾರದು, ಏಕೆಂದರೆ ತೂತುಗಳ ಅಂತರಕ್ಕೆ ಅದಕ್ಕಿಂತ ಒಳ್ಳೆಯ ಅಚ್ಚು ಬೇರೆ ಸಿಗುವುದಿಲ್ಲ. ಅದಾದ ಮೇಲೆ ಸೀಳಿಲ್ಲದ ಭಾಗದಿಂದ ನಾಲ್ಕು ದೊಡ್ಡ ವಾಶರುಗಳನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ನಮ್ಮ ಮನೆಯಲ್ಲಿ ಉಳಿದ ತುಂಡು ಕೊಟ್ಟಿಗೆಯ ಬಾಗಿಲಿಗೆ ಹೋಗಿದೆ. ಗಾಳಿಗೆ ಅದು ದಡಾರೆಂದು ಬಡಿದುಕೊಳ್ಳುವುದು ಈಗ ನಿಂತಿದೆ.